ಬಂದವ್ಳೆ, ಬಂದವ್ರೆ

ಸೋಮವಾರದ ಮೊದಲ ತರಗತಿಯಲ್ಲಿ ತಾಹೆರಾ ಸಿಸ್ಟರ್ ಕರಿಹಲಗೆಯ ನಡುವೆ ಮೇಲಿನಿಂದ ಕೆಳಕ್ಕೆ ಒಂದು ಗೆರೆ ಎಳೆಯುತ್ತಿದ್ದರು. ಗೆರೆಯ ಎಡಕ್ಕೆ ‘ಅವರು ಹೇಳುವುದು’, ಬಲಕ್ಕೆ ‘ನಾವು ಬರೆಯುವುದು’. ಯಲಹಂಕದ ಆ ತರಬೇತಿ ಕೇಂದ್ರದಿಂದ ನಾವೆಲ್ಲ ಮುಂದೆ ಹಳ್ಳಿಗಳಿಗೆ ದಾದಿಯರಾಗಿ ಹೋಗಬೇಕಾದವರು. ಹಳ್ಳಿಯವರ ಬಾಯಿಂದ ಬಂದ ಕಾಯಿಲೆಯನ್ನು ಡಾಕ್ಟರರಿಗೆ ತಿಳಿಯುವ ಹೆಸರಿಗೆ ದಾಟಿಸಲು ಬಂದರೆ ಅರ್ಧ ವಿದ್ಯೆ ಬಂದ ಹಾಗೆ ಎಂದು ಸಿಸ್ಟರ್ ನಂಬಿದ್ದರು. ಆದ್ದರಿಂದ ಪ್ರತಿಯೊಬ್ಬರೂ ನಮ್ಮ ನಮ್ಮ ಮನೆಗಳಲ್ಲಿ ಆಡುವ ಮಾತನ್ನು ತಂದು ಎಡಗಡೆಗೆ ಹಾಕಬೇಕಿತ್ತು.

ಆವತ್ತು ನಾಯಿಕೆಮ್ಮು ಬಂತು. ಮಂಗನಬಾವು ಬಂತು. ಸೊಂಟದ ಸುತ್ತ ಗುಳ್ಳೆ ಏಳುವ ಸರ್ಪಸುತ್ತು ಬಂತು. ಬಲಗಡೆಯಲ್ಲಿ ಹೂಪಿಂಗ್ ಕಾಫ್, ಮಂಪ್ಸ್, ಹರ್ಪಿಸ್ ಎಂದು ಸಿಸ್ಟರ್ ದುಂಡಗೆ ಬರೆದರು.

“ಎಡಗಡೆ ಪೂರಾ ಮೃಗಾಲಯ ಇದೆ ಸಿಸ್ಟರ್,” ಎಂದಳು ನನ್ನ ಕೋಣೆಯ ಜಾಹಿದಾ. “ಬಲಗಡೆಗೆ ಬಂದ್ರೆ ಒಂದು ಪ್ರಾಣೀನೂ ಉಳಿಯಲ್ಲ.”

ಕೋಗಿಲು ಹಳ್ಳಿಯ ಹುಡುಗಿಯೊಬ್ಬಳು ಎದ್ದು ನಿಂತು, “ಕಣ್ಣಲ್ಲಿ ಹೂ ಬೀಳೋದು” ಎಂದಳು. ಸಿಸ್ಟರ್ ಸೀಮೆಸುಣ್ಣ ಹಿಡಿದ ಕೈಯನ್ನು ಇಳಿಸಿದರು. “ನೋಡಿ, ಕಣ್ಣು ಮಂಜಾಗೋದಕ್ಕೂ ಹೂವು ಅಂತೀರಿ,” ಎಂದು ಕಣ್ಣಿನ ಚಿತ್ರ ಬರೆದರು. ಕರಿಗುಡ್ಡೆಯ ಮೇಲೆ ಗಾಜಿನಂಥ ಪೊರೆಯೊಂದಿದೆ, ಅದರ ಹೆಸರು ಕಾರ್ನಿಯಾ. ಅದು ಬೆಳ್ಳಗಾದರೆ ಕಾರ್ನಿಯಲ್ ಒಪ್ಯಾಸಿಟಿ. ನಾವೆಲ್ಲ ಒಟ್ಟಿಗೆ ಮೂರು ಸಲ ಹೇಳಿದೆವು.

“ಇನ್ನೊಂದಿದೆ. ಯಾರೂ ಹೇಳ್ತಾ ಇಲ್ಲ. ನಾನೇ ಹೇಳ್ಲಾ?”

ಕಡೆಗೆ ಅದೇ ಹುಡುಗಿ ದನಿ ತಗ್ಗಿಸಿ, “ಅಮ್ಮ, ಸಿಸ್ಟರ್. ಮಾರಮ್ಮ” ಎಂದಳು.

ಸಿಸ್ಟರ್ ಎರಡೂ ಹೆಸರನ್ನು ಎಡಗಡೆಗೆ ಬರೆದು, ಬಲಗಡೆಗೆ ಸ್ಮಾಲ್‌ಪಾಕ್ಸ್ ಎಂದೂ ಅದರ ಕೆಳಗೆ ವೇರಿಯೋಲಾ ಎಂದೂ ಬರೆದರು. “ಸಿಡುಬು ಅಂತ ಬಾಯಿಬಿಟ್ಟು ಯಾರೂ ಹೇಳಲ್ಲ. ನಿಮ್ಮ ಹತ್ರ ಬಂದಾಗ ಹೇಗೆ ಹೇಳ್ತಾರೆ? ಅವರ ಬಾಯಲ್ಲಿ ಬರೋ ಹಾಗೇ ಬೇಕು ನನಗೆ.”

“ಮಾರಮ್ಮ ಬಂದವ್ಳೆ ಅಂತಾರೆ.”

“ತಹಸೀಲ್ದಾರ್ರು ಬಂದ್ರೆ ಬಂದವ್ರೆ ಅಂತೀರಿ. ದೇವಿ ಬಂದ್ರೆ ಬಂದವ್ಳೆ. ಅದ್ಯಾಕೆ?”

“ದೇವ್ರು ನಮ್ಮೋಳಲ್ವಾ ಸಿಸ್ಟರ್. ತಹಸೀಲ್ದಾರ್ರು ಬೇರೆಯೋರು.”

ಎಲ್ಲರೂ ನಕ್ಕರು. ಸಿಸ್ಟರೂ ನಕ್ಕು, “ನಮ್ಮನೇಲಿ ಇದಕ್ಕೆ ಮಾತಾ ಅಂತಾರೆ. ಅದೂ ಅಮ್ಮಾನೇ,” ಎಂದರು. ಆಮೇಲೆ ಡಸ್ಟರಿನಿಂದ ಮೇಜು ಕುಟ್ಟಿದರು. “ಈ ಒಂದು ಮಾತು ಕಿವಿಗೆ ಬಿತ್ತೋ, ಅದೇ ದಿನ ನನಗೆ ಬಂದು ಹೇಳ್ಬೇಕು. ಬಲಗಡೆಯ ಹೆಸರಲ್ಲಿ ಹೇಳ್ಬೇಕು. ಒಂದು ಮನೇಲಿ ಬಚ್ಚಿಟ್ರೆ ಬೀದಿಗೆಲ್ಲ ಹಬ್ಬುತ್ತೆ.”

ನಾನು ನಗಲಿಲ್ಲ. ನನ್ನ ತಾಯಿಯ ಹೆಸರು ಮಾರಮ್ಮ. ಅವಳು ಹುಟ್ಟಿದ ವರ್ಷ ಊರಿಗೆ ದೇವಿ ಬಂದು, ಬಾಣಂತಿಯನ್ನೂ ಮಗುವನ್ನೂ ಮುಟ್ಟದೆ ಹೋದಳಂತೆ. ಹಾಗಾಗಿ ಆ ಹೆಸರು. ಕೇಂದ್ರದಲ್ಲಿ ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಗಂಟೆ ಹೊಡೆಯಿತು. ಯಾವಾಗಲೂ ಮಾಡುವಂತೆ ಸಿಸ್ಟರ್ ಎಡಗಡೆಯನ್ನು ಅಳಿಸಿ, ಬಲಗಡೆಯನ್ನು ನಾವು ಬರೆದುಕೊಳ್ಳಲೆಂದು ಹಾಗೇ ಬಿಟ್ಟು ಹೋದರು.

ಅದು ಅರವತ್ತಮೂರನೆಯ ಇಸವಿ. ನಾನು ಪಿ.ಯು.ಸಿ. ಮುಗಿಸಿ ಸೇರಿದ್ದೆ. ತರಗತಿಯಲ್ಲಿ ಅಷ್ಟು ಓದಿದವರು ಬೇರೆ ಇರಲಿಲ್ಲವಾದ್ದರಿಂದ ಪದಗಳು ನನಗೆ ಬೇಗ ಬಂದವು, ಸ್ನೇಹಿತೆಯರು ಬರಲಿಲ್ಲ. ಪಾಠ ಹೇಳಿಸಿಕೊಳ್ಳುವುದಕ್ಕೆ ಬರುತ್ತಿದ್ದರು, ಹೇಳಿಸಿಕೊಂಡು ಅವರವರ ಗುಂಪಿಗೆ ಹೋಗುತ್ತಿದ್ದರು. ಗ್ಯಾಸ್ಟ್ರೈಟಿಸ್, ನೆಫ್ರೈಟಿಸ್, ಆರ್ಥ್ರೈಟಿಸ್ ಎಂದು ನಾನೊಬ್ಬಳೇ ಬಾವಿಯ ಕಟ್ಟೆಯ ಹತ್ತಿರ ಓಡಾಡಿಕೊಂಡು ಹೇಳುತ್ತಿದ್ದೆ. ಬಾಲ ಒಂದೇ ಆದ ಪದಗಳೆಲ್ಲ ಒಂದೇ ಮನೆತನದವು. ಹೊಸ ಪದ ಎದುರಾದರೆ ಅದರ ಬಂಧುಗಳು ಯಾರು ಎಂದು ಹುಡುಕಿದರೆ ಸಾಕು, ಅರ್ಥ ಸಿಗುತ್ತಿತ್ತು. ಪುಸ್ತಕದ ಪದಗಳಿಗೆ ಕೂಡ ನನಗಿಂತ ಹೆಚ್ಚು ನೆಂಟರಿದ್ದಾರೆ ಎನಿಸುತ್ತಿತ್ತು.

ಭಾನುವಾರ ಮಧ್ಯಾಹ್ನ ನೋಡಲು ಬರುವವರಿಗೆ ಗೇಟು ತೆಗೆಯುತ್ತಿದ್ದರು. ಗೇಟಿನ ಪಕ್ಕದ ಗೂಡಿನಂಥ ಕೋಣೆಯಲ್ಲಿ ಕಾವಲಿನ ತಾಜುದ್ದೀನ್ ಸಾಬರು ಕೂತು, ಬಂದವರ ಹೆಸರು ಬರೆದುಕೊಂಡು, ಒಳಗಿನ ಹುಡುಗಿಯ ಹೆಸರನ್ನು ರಾಗವಾಗಿ ಕೂಗುತ್ತಿದ್ದರು. ನಾನು ಮಂಚದ ಮೇಲೆ ಪುಸ್ತಕ ತೆರೆದುಕೊಂಡು ಆ ದನಿಯನ್ನೇ ಕೇಳುತ್ತಿದ್ದೆ. ನನ್ನ ಹೆಸರು ಮುನಿಕೃಷ್ಣಮ್ಮ, ನಮ್ಮಲ್ಲಿ ಮುನಿರತ್ನ ಎಂಬ ಇನ್ನೊಬ್ಬ ಹುಡುಗಿಯಿದ್ದಳು. ‘ಮುನಿ’ ಎಂದು ಕೇಳಿದೊಡನೆ ನಾನು ಪುಸ್ತಕ ಮುಚ್ಚುತ್ತಿದ್ದೆ. ‘ರತ್ನಾ’ ಎಂದು ಕೇಳಿದ ಮೇಲೆ ಮತ್ತೆ ತೆರೆಯುತ್ತಿದ್ದೆ.

ನನ್ನ ಹೆಸರಿನ ಮುಂದೆ ನೋಡಲು ಬರಬಹುದಾದವರೆಂದು ಬರೆಸಿದ್ದದ್ದು ಒಂದೇ ಹೆಸರು, ಅಮ್ಮನದು. ಸೇರಿದ ದಿನ ತಾಜುದ್ದೀನ್ ಸಾಬರು ಅದನ್ನು ಬರೆದುಕೊಳ್ಳುತ್ತಾ, “ಮಾರಮ್ಮ. ಬರ್ಲಿ ಬರ್ಲಿ, ನಾನೇ ಮರ್ಯಾದೆಯಿಂದ ಒಳಗೆ ಕರ್ಕೊಂಡ್ ಬರ್ತೀನಿ ಬೇಟಿ” ಎಂದಿದ್ದರು. ಆಮೇಲೆ ಎಷ್ಟೋ ಭಾನುವಾರ ಸಂಜೆ, ಗೇಟು ಮುಚ್ಚುವಾಗ ನಾನು ಕಣ್ಣಿಗೆ ಬಿದ್ದರೆ, “ಮುಂದಿನ್ ವಾರ ಬರ್ತಾರೆ” ಎನ್ನುತ್ತಿದ್ದರು.

ಅಪ್ಪ ಇಲ್ಲ. ಅಮ್ಮ ನನ್ನ ಅಣ್ಣ ಚಿಕ್ಕಮಾರಯ್ಯನ ಜೊತೆ ಮಾಕಳಿಯಲ್ಲಿದ್ದಳು. ಅವಳು ಒಬ್ಬಳೇ ಬಸ್ಸು ಹತ್ತಿದವಳಲ್ಲ. ಯಶವಂತಪುರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು, ಬೋರ್ಡು ಓದಲು ಬರುವುದಿಲ್ಲ. ಆದರೂ ನಾನು ಹೊರಟ ದಿನ ಅವಳೇ ಹೇಳಿದ್ದಳು: “ನಿನ್ ಓದು ಮುಗಿಯೋದ್ರೊಳ್ಗೆ ಒಂದ್ ಸಲ ಬತ್ತೀನಿ ಕಣ್ಮಗ. ಅದೇನ್ ಓದ್ತೀಯೋ ನೋಡ್ಬೇಕು.” ನಾನು ಅದನ್ನು ಹಿಡಿದುಕೊಂಡಿದ್ದೆ.

ಯುಗಾದಿಗೆ ಊರಿಗೆ ಹೋದಾಗ ಅಣ್ಣನ ಮಗಳು ಪುಟ್ಟಿಯ ತೋಳು ನೋಡಿದೆ. ಸಿಡುಬಿನ ಚುಚ್ಚಿನ ಗುರುತು ಇರಲಿಲ್ಲ. “ಚುಚ್ಚೋನು ಬಂದಿದ್ದ. ಅವ್ನು ಓಗೋಗಂಟ ರಾಗಿ ತುಂಬೋ ಮಣ್ಣಿನ್ ವಾಡೇವೊಳ್ಗೆ ಕೂರಿಸ್ಬುಟ್ಟಿದ್ದೆ. ನನ್ ಕಂದ ಕೆಮ್ಮಲೂ ಇಲ್ಲ,” ಎಂದು ಅಮ್ಮ ನಕ್ಕಳು. ನಾನು ಬೈದೆ. ಅಮ್ಮ ಇನ್ನೂ ನಕ್ಕಳು.

ಹಲಗೆಯ ಮೇಲೆ ಅಮ್ಮನ ಹೆಸರು ಕಂಡ ನಂತರದ ಭಾನುವಾರ. ಜಾಹಿದಾಳ ತಾಯಿ ಹೆಬ್ಬಾಳದಿಂದ ಬಂದು ಹೋಗಿದ್ದರು. ಜಾಹಿದಾ ಒಂದು ಡಬ್ಬಿಯನ್ನು ನನ್ನ ಮಂಚದ ಮೇಲಿಟ್ಟು, “ತಗೋ, ಇದು ನಿಂದು. ಬೇರೇನೇ ಕಟ್ಕೊಂಡ್ ಬಂದವ್ರೆ” ಎಂದಳು. ಅವಳ ತಾಯಿಯ ಕೈರುಚಿ ನನ್ನ ನಾಲಿಗೆಗೆ ಆಗಲೇ ಮನೆಯದಕ್ಕಿಂತ ಹೆಚ್ಚು ಪರಿಚಯವಾಗಿತ್ತು. ಡಬ್ಬಿ ತೆರೆಯುತ್ತಿರುವಾಗ ತಾಜುದ್ದೀನ್ ಸಾಬರು ಕಾರಿಡಾರಿನ ತುದಿಯವರೆಗೆ ಬಂದೇಬಿಟ್ಟರು. ಅಲ್ಲಿಗೆ ಅವರು ಬರುವ ಹಾಗಿರಲಿಲ್ಲ.

“ಮುನಿಕೃಷ್ಣಮ್ಮಾ! ಬೇಟೀ! ಮಾರಮ್ಮ ಬಂದವ್ರೆ!”

ನಾನು ಎದ್ದ ರಭಸಕ್ಕೆ ಡಬ್ಬಿಯ ಮುಚ್ಚಳ ಉರುಳಿಕೊಂಡು ಹೋಯಿತು.

“ಏ, ನಿಂತ್ಕೊಳೇ!” ಜಾಹಿದಾ ನನ್ನ ಭುಜ ಹಿಡಿದು ಕೂರಿಸಿದಳು. “ಈ ತಲೇಲಿ ಹೋದ್ರೆ ನಿಮ್ಮಮ್ಮ ಇಲ್ಲಿ ಎಣ್ಣೇನೂ ಕೊಡಲ್ಲ, ಅನ್ನಾನೂ ಹಾಕಲ್ಲ ಅಂದ್ಕೋತಾರೆ. ವಾರ್ಡನ್‌ಗೆ ಬೈತಾರೆ. ಕೂತ್ಕೋ.” ಅವಳು ಬಿಗಿಯಾಗಿ ಜಡೆ ಹೆಣೆದಳು. ಅಷ್ಟು ಹೊತ್ತೂ ನನ್ನ ಕಾಲು ನಿಲ್ಲುತ್ತಿರಲಿಲ್ಲ.

ಗೇಟಿನ ಹತ್ತಿರ ಯಾರೂ ಇರಲಿಲ್ಲ.

“ಇಲ್ಲಿಗೆ ಇನ್ನೂ ಬಂದಿಲ್ಲ ಬೇಟಿ,” ಎಂದರು ಸಾಬರು. “ಕಲ್ಲಿನ ಲಾರಿಯವನು ಹೇಳಿ ಹೋದ. ಕ್ಲೀನರು. ಆಂಜಿನಪ್ಪ ಅಂತ, ನಿಮ್ಮೂರೇ ಅಂತೆ. ಅವರೇ ಕರ್ಕೊಂಡ್ ಬಂದು ಬಸ್ ಸ್ಟಾಂಡ್ ತಾವ ಇಳಿಸಿರ್ಬೇಕು. ಹೋಗಿ ನೋಡಿ, ವಾರ್ಡನ್‌ಗೆ ನಾನ್ ಹೇಳ್ತೀನಿ.”

ನಾನು ಓಡುನಡಿಗೆಯಲ್ಲಿ ಹೋದೆ. ಬಸ್ ನಿಲ್ಲುವಲ್ಲಿ ಹೆಂಗಸರಿದ್ದರು. ಒಬ್ಬಳು ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಬಿಸಿಲಿಗೆ ಬೆನ್ನು ಹಾಕಿ ನಿಂತಿದ್ದಳು, ಅಮ್ಮ ನಿಲ್ಲುವ ಹಾಗೇ. ಹತ್ತಿರ ಹೋದೆ, ಅವಳು ತಿರುಗಿದಳು, ಬೇರೆ ಯಾರೋ. ಟೀ ಅಂಗಡಿಯ ಹಬೀಬುಲ್ಲಾ ಸಾಬರನ್ನು ಕೇಳಿದೆ.

“ಯಾವ ಸೀರೆ ಉಟ್ಟಿದ್ರಮ್ಮ?”

ಹಸಿರು ಎನ್ನಲು ಬಾಯಿ ತೆರೆದೆ. ಆ ಹಸಿರು ಸೀರೆ ಯುಗಾದಿಯಲ್ಲೇ ಹರಿದಿತ್ತು. ಈಗ ಅಮ್ಮ ಊರಾಚೆ ಹೋಗುವಾಗ ಯಾವುದನ್ನು ಉಡುತ್ತಾಳೆ ಎಂಬುದು ನನಗೆ ಗೊತ್ತಿರಲಿಲ್ಲ.

ರೈಲು ನಿಲ್ದಾಣಕ್ಕೂ ಹೋಗಿ ನೋಡಿದೆ. ಬಸ್ಸೊಂದು ಬಂದರೆ ಓಡಿ ಬಂದು ಇಳಿಯುವವರ ಮುಖ ನೋಡುತ್ತಿದ್ದೆ. ಒಬ್ಬ ಕಂಡಕ್ಟರು, “ಹತ್ತೋದೂ ಇಲ್ಲ, ದಾರೀನೂ ಬಿಡೋದಿಲ್ಲ” ಎಂದು ಗೊಣಗಿದ. ಅಮ್ಮ ದಾರಿ ತಪ್ಪಿ ನಾಚಿಕೆಯಿಂದ ಯಾರನ್ನೂ ಕೇಳದೆ ಎಲ್ಲೋ ಮರದಡಿ ಕೂತಿದ್ದಾಳೆ ಎಂದೇ ನನ್ನ ಮನಸ್ಸು ಹೇಳುತ್ತಿತ್ತು. ಮಡಿಲಲ್ಲಿ ಹುರಿದ ಕಡಲೆಕಾಯಿಯ ಗಂಟು ಇರುತ್ತದೆ. ಸಿಕ್ಕೊಡನೆ ಮೊದಲು ಬೈಯುತ್ತಾಳೆ.

ಬಿಸಿಲು ಇಳಿದ ಮೇಲೆ ಕೇಂದ್ರಕ್ಕೆ ತಿರುಗಿ ಬಂದೆ. ಬಂದವರೆಲ್ಲ ಹೊರಡುತ್ತಿದ್ದರು. ನನ್ನ ಮುಖ ನೋಡಿ ಸಾಬರು ಎದ್ದು ನಿಂತರು.

“ಸಿಕ್ಕಲಿಲ್ಲವಾ?”

“ಸಾಬರೇ, ಆಂಜಿನಪ್ಪ ಏನಂದ? ಅವನ ಬಾಯಲ್ಲಿ ಬಂದ ಹಾಗೇ ಹೇಳಿ.”

ಕೇಳಿದ ಮೇಲೆ, ಈ ಮಾತು ನನ್ನದಲ್ಲ, ತಾಹೆರಾ ಸಿಸ್ಟರದು ಎಂದು ಹೊಳೆಯಿತು.

“ಲಾರಿ ಪೂರ್ತಿ ನಿಲ್ಲಿಸ್ಲೂ ಇಲ್ಲ ಅವರು. ಮೇಲಿಂದಾನೇ ಕೂಗಿದ. ಮುನಿಕೃಷ್ಣಮ್ಮಂಗೆ ಏಳ್ಬುಡಿ ಸಾಬ್ರೇ, ಮಾರಮ್ಮ ಬಂದವ್ಳೆ ಅಂತ…”

“ಬಂದವ್ಳೆ ಅಂದನಾ? ಬಂದವ್ರೆ ಅಂದನಾ?”

“ಬಂದವ್ಳೆ ಅಂದ.” ಸಾಬರು ಸ್ವಲ್ಪ ನೊಂದವರಂತೆ ಕಂಡರು. “ಕ್ಲೀನರ್ ಹುಡ್ಗ, ಏನು ಬೇಕಾದ್ರೂ ಅಂತಾನೆ. ನಾನು ಹೆಂಗೆ ಬೇಟಿ, ನಿಮ್ಮ ತಾಯೀನ ಅವಳು ಇವಳು ಅನ್ನೋದು? ನಾನು ಬಂದವ್ರೆ ಅಂದೆ.”

ಆಂಜಿನಪ್ಪ ನನ್ನ ತಾಯಿಯನ್ನು ಮಾರಮ್ಮ ಎಂದು ಕರೆದವನೇ ಅಲ್ಲ. ಚಿಕ್ಕವನಿದ್ದಾಗಿನಿಂದ ಮಾರಕ್ಕ ಎನ್ನುತ್ತಿದ್ದ.

“ಆಮೇಲೆ ಏನೋ ಬ್ಯಾಡ ಬ್ಯಾಡ ಅಂದ,” ಎಂದರು ಸಾಬರು. “ಲಾರಿ ಸದ್ದಲ್ಲಿ ಕೇಳ್ಸಲಿಲ್ಲ. ಗಾಬ್ರಿ ಬ್ಯಾಡ ಅಂತಲೋ ಏನೋ.”

ಬರೋದು ಬ್ಯಾಡ. ಮನೆಗೆ ಬರೋದು ಬ್ಯಾಡ. ದೇವಿ ಬಂದ ಮನೆಗೆ ಹೊರಗಿನಿಂದ ಯಾರೂ ಬರಬಾರದು. ಅಮ್ಮ ನನ್ನನ್ನು ನೋಡಲು ಬಂದಿರಲಿಲ್ಲ. ನಾನು ಬಾರದಿರಲಿ ಎಂದು ಹೇಳಿ ಕಳಿಸಿದ್ದಳು.

ಸಾಬರು ನನ್ನನ್ನೇ ನೋಡುತ್ತಿದ್ದರು. ಅವರಿಗೂ ಅರ್ಥವಾಗಿರಬೇಕು, ಈ ಊರುಗಳಲ್ಲೇ ಬೆಳೆದವರು. “ಯಾ ಅಲ್ಲಾ,” ಎಂದು ಕೂತುಬಿಟ್ಟರು. “ನಿಮ್ಮ ತಾಯಿ ಹೆಸ್ರೇ ತಲೇಲಿತ್ತು ಬೇಟಿ. ಅದನ್ನೇ ಕಾಯ್ತಾ ಇದ್ದೆ.”

ನಾನು ಬಾವಿಯ ಕಟ್ಟೆಗೆ ಹೋಗಿ ಕೂತೆ. ಮನೆಯಲ್ಲಿ ಯಾರಿಗೆ ಎಂದು ಆಂಜಿನಪ್ಪ ಹೇಳಿರಲಿಲ್ಲ, ಆದರೆ ಗುರುತಿಲ್ಲದ ತೋಳು ಒಂದೇ ಇತ್ತು. ಅಮ್ಮ ಈಗ ಬಾಗಿಲಿಗೆ ಬೇವು ಕಟ್ಟಿರುತ್ತಾಳೆ. ಒಗ್ಗರಣೆ ಹಾಕುವುದಿಲ್ಲ. ಮಗುವಿನ ಪಕ್ಕ ಕೂತು ಬೇವಿನ ಸೊಪ್ಪಿನಿಂದ ಗಾಳಿ ಬೀಸುತ್ತಾ, ‘ಸಮಾಧಾನವಾಗಿ ಆಡಿ ಹೋಗು ತಾಯಿ’ ಎನ್ನುತ್ತಿರುತ್ತಾಳೆ. ಹೊರಗೆ ಯಾರಿಗೂ ಹೇಳಿರುವುದಿಲ್ಲ. ನನಗೆ ಹೇಳಿದಳು, ಏಕೆಂದರೆ ನಾನು ಹೊರಗಿನವಳಲ್ಲ.

ಸಿಸ್ಟರಿಗೆ ತಿಳಿಸಿದರೆ ಏನಾಗುತ್ತದೆ ಎಂಬುದೂ ನನಗೆ ಬಾಯಿಪಾಠವಾಗಿತ್ತು. ಜೀಪು ಬರುತ್ತದೆ. ಮಗುವನ್ನು ಸೋಂಕುರೋಗದ ಆಸ್ಪತ್ರೆಗೆ ಒಯ್ಯುತ್ತಾರೆ. ಹಾಸಿಗೆ ಸುಡುತ್ತಾರೆ, ಬಾಗಿಲ ಮೇಲೆ ಗುರುತು ಬರೆಯುತ್ತಾರೆ. ಅಮ್ಮನಿಗೆ ಅದು ದೇವಿಯನ್ನು ಕುತ್ತಿಗೆ ಹಿಡಿದು ದಬ್ಬಿದ ಹಾಗೆ. ಹೇಳದಿದ್ದರೆ? ನಮ್ಮ ಮನೆಯ ಜಗಲಿಯಲ್ಲಿ ಬೀದಿಯ ಮಕ್ಕಳೆಲ್ಲ ಕುಂಟೆಬಿಲ್ಲೆ ಆಡುತ್ತಾರೆ. ಅವರ ಅಜ್ಜಿಯರ ಮನೆಗಳಲ್ಲೂ ರಾಗಿಯ ವಾಡೆಗಳಿವೆ.

ಅಮ್ಮ ನನ್ನನ್ನು ನೋಡಲು ಬರುವಳೇ ಎಂಬುದಷ್ಟೇ ಆ ಸಂಜೆಯವರೆಗೆ ನನ್ನ ಚಿಂತೆಯಾಗಿತ್ತು. ಈಗ ನಾನು ಬಾಯಿ ಬಿಟ್ಟರೆ ಅವಳು ಎಂದಿಗೂ ಬರಲಾರಳು ಎಂದು ಗೊತ್ತಿದ್ದೇ ಎದ್ದೆ.

ಸಿಸ್ಟರ್ ತಮ್ಮ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು. ನಾನು ಕನ್ನಡದಲ್ಲೇ ಹೇಳಬೇಕೆಂದಿದ್ದೆ. ‘ನಮ್ಮ ಮನೆಗೆ’ ಎಂದವಳಿಗೆ ಮುಂದೆ ದನಿ ಹೊರಡಲಿಲ್ಲ. ಆ ಮಾತಿನಲ್ಲಿ ಅಮ್ಮನ ಮುಖವಿತ್ತು. ಆಗ ಬಲಗಡೆಯ ಪದ ತಾನಾಗಿ ಬಂತು.

“ಸ್ಮಾಲ್‌ಪಾಕ್ಸ್, ಸಿಸ್ಟರ್. ವೇರಿಯೋಲಾ. ಮಾಕಳಿಯಲ್ಲಿ.”

ಅದನ್ನು ಹೇಳುವುದು ಸುಲಭವಾಗಿತ್ತು. ಅದರೊಳಗೆ ಯಾರೂ ವಾಸವಿರಲಿಲ್ಲ.

ಸಿಸ್ಟರ್ ಮೊರ ಕೆಳಗಿಟ್ಟರು. “ಯಾರ ಮನೆ?”

“ನಮ್ಮದು.”

ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಫೋನು ಮಾಡಲು ಆಫೀಸಿನ ಕಡೆ ಬೇಗಬೇಗ ನಡೆದರು.

ಬೆಳಗ್ಗೆ ಜೀಪಿನಲ್ಲಿ ಸಿಸ್ಟರ್, ಲಸಿಕೆ ಚುಚ್ಚುವ ದೊಡ್ಡಮುನಿಯಪ್ಪ, ನಾನು. ಮಾಕಳಿಯ ಬೀದಿಗೆ ಜೀಪು ತಿರುಗುತ್ತಿದ್ದಂತೆ ಹೆಂಗಸರು ಮಕ್ಕಳನ್ನು ಒಳಗೆಳೆದುಕೊಂಡು ಕದ ಹಾಕಿದರು. ನಮ್ಮ ಬಾಗಿಲಿಗೆ ಬೇವು ಕಟ್ಟಿತ್ತು. ಸದ್ದಿಗೆ ಅಮ್ಮ ಹೊಸ್ತಿಲಿಗೆ ಬಂದಳು. ಮೊದಲು ಜೀಪನ್ನು ನೋಡಿದಳು, ಆಮೇಲೆ ನನ್ನನ್ನು.

“ನೀನ್ ಬರೋದ್ ಬ್ಯಾಡ ಅಂತ ಏಳ್ಕಳ್ಸಿದ್ದೆ,” ಎಂದಳು. “ಇವ್ರ್ನೆಲ್ಲ ಕರ್ಕೊಂಡ್ ಬಾ ಅಂತಲ್ಲ.”

“ಅಮ್ಮ, ಮಗೂನ ಒಂದು ಸಲ ನೋಡ್ತೀವಿ,” ಎಂದರು ಸಿಸ್ಟರ್.

“ನೀವ್ ನೋಡಾದು ಕಾಯ್ಲೆಯ, ತಾಯಿ. ಬಂದಿರೋಳು ಅವಳು.”

“ಇರ್ಲಿ. ಅವಳು ಬಂದು ಹೋಗ್ಲಿ. ಮಗು ಉಳೀಲಿ. ಅಕ್ಕಪಕ್ಕದ ಮಕ್ಕಳೂ ಉಳೀಲಿ.”

ಸಿಸ್ಟರ್ ದನಿ ಏರಿಸಲಿಲ್ಲ. ಬಾಗಿಲ ಬೇವಿಗೆ ತಲೆ ತಾಕದಂತೆ ಬಗ್ಗಿ ಒಳಗೆ ಹೋದರು. ಅದನ್ನು ಅಮ್ಮ ಗಮನಿಸಿದ್ದನ್ನು ನಾನು ಕಂಡೆ. ಒಳಗೆ ಬಾಳೆಯೆಲೆಯ ಮೇಲೆ ಪುಟ್ಟಿ ಮಲಗಿದ್ದಳು. ನನ್ನ ಪುಸ್ತಕದ ಚಿತ್ರದಲ್ಲಿ ಇದ್ದ ಹಾಗೇ ಇತ್ತು, ಗುಳ್ಳೆಗಳು ಮುಖದ ಮೇಲೆ ಹೆಚ್ಚು, ಹೊಟ್ಟೆಯ ಮೇಲೆ ಕಡಿಮೆ. ಕಣ್ಣುಗಳು ಅಂಟಿಕೊಂಡಿದ್ದವು. ನಾನು ಗುರುತುಗಳನ್ನು ಒಂದೊಂದಾಗಿ ಮನಸ್ಸಿನಲ್ಲಿ ಹೆಸರಿಸುತ್ತಾ ನಿಂತೆ.

ಅಣ್ಣ ಮೂಲೆಯಲ್ಲಿ ತಲೆ ಹಿಡಿದು ಕೂತಿದ್ದ. ಅತ್ತಿಗೆ ಅಳುತ್ತಿದ್ದಳು. ಅಮ್ಮನೇ ಮಗುವನ್ನು ಎತ್ತಿಕೊಂಡು, ಒಂದು ಹಿಡಿ ಬೇವು ತೆಗೆದುಕೊಂಡು ಜೀಪು ಹತ್ತಿದಳು. ನಾನು ಪಕ್ಕಕ್ಕೆ ಸರಿದು ಜಾಗ ಮಾಡಿದೆ. ಅವಳು ಎದುರಿನ ಸೀಟಿನಲ್ಲಿ ಕೂತಳು. ಊರಲ್ಲೇ ಉಳಿದ ದೊಡ್ಡಮುನಿಯಪ್ಪ ಒಂದೊಂದೇ ಕದ ತಟ್ಟುತ್ತಾ ಹೋಗುವುದು ಹಿಂದಿನಿಂದ ಕೇಳಿಸುತ್ತಿತ್ತು.

ಆಸ್ಪತ್ರೆಯ ಕಿಟಕಿಯಲ್ಲಿ ಗುಮಾಸ್ತರು, “ಏನು ಕಂಪ್ಲೇಂಟು?” ಎಂದರು. ನಾನು ಹೇಳಿದೆ.

ಅಮ್ಮ ಆಗ ನನ್ನತ್ತ ತಿರುಗಿದಳು. “ಏನಂದೆ?”

“ವೇರಿಯೋಲಾ, ಅಮ್ಮ. ಕಾಯಿಲೆ ಹೆಸರು.”

“ಅವಳ್ನ ಇಂಗ್ ಕರ್ದ್ಯಾ?” ಮಗುವನ್ನು ಇನ್ನೊಂದು ಭುಜಕ್ಕೆ ಹಾಕಿಕೊಂಡು, “ನನ್ನೂ ಇಂಗೇ ಏನಾರ ಕರೀತೀಯೇನೋ, ನಿಮ್ ಪುಸ್ತಕ್ದಾಗೆ,” ಎಂದಳು.

ಪುಟ್ಟಿ ಉಳಿದಳು. ಬೀದಿಯಲ್ಲಿ ಇನ್ನಿಬ್ಬರಿಗೆ ಬಂದು, ಅದರಲ್ಲಿ ಒಬ್ಬ ಮುದುಕ ಹೋದ. ಉಳಿದವರಿಗೆ ಹಬ್ಬಲಿಲ್ಲ. ಸಿಸ್ಟರ್ ಇದನ್ನು ತರಗತಿಯಲ್ಲಿ ಹೇಳಿ ನನ್ನನ್ನು ಎದ್ದು ನಿಲ್ಲಲು ಹೇಳಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಮಾಕಳಿಯಲ್ಲಿ ಅದನ್ನು ಬೇರೆ ರೀತಿ ಹೇಳುತ್ತಾರೆಂದು ಆಂಜಿನಪ್ಪ ಗೇಟಿನಾಚೆ ನಿಂತು ತಿಳಿಸಿದ. ದೇವಿ ಸಮಾಧಾನವಾಗಿ ಆಡಿ ಹೋಗುತ್ತಿದ್ದಳಂತೆ. ಜೀಪು ತಂದು ಕೆಣಕಿದ್ದಕ್ಕೆ ಮುದುಕನನ್ನು ತೆಗೆದುಕೊಂಡಳಂತೆ. “ಮಾರಕ್ಕ ಏನೂ ಅನ್ನಕಿಲ್ಲ ಕಣಕ್ಕ,” ಎಂದ. “ನಿನ್ ಮಾತೇ ಎತ್ತಕಿಲ್ಲ.” ಹಬ್ಬಕ್ಕೆ ಬರಬೇಕೇ ಎಂದು ಅವನ ಕೈಯಲ್ಲೇ ಕೇಳಿಸಿದೆ. ಉತ್ತರ ಬರಲಿಲ್ಲ. ಹಬ್ಬದ ದಿನ ನಾನೂ ತಾಜುದ್ದೀನ್ ಸಾಬರೂ ವಾರ್ಡನ್ನೂ ಬಿಟ್ಟರೆ ಕೇಂದ್ರದಲ್ಲಿ ಯಾರೂ ಇರಲಿಲ್ಲ. ನಾನು ಎಲುಬುಗಳ ಹೆಸರುಗಳನ್ನು ತಲೆಯಿಂದ ಪಾದದವರೆಗೆ ಹೇಳಿ, ಪಾದದಿಂದ ತಲೆಯವರೆಗೆ ಹೇಳಿ, ಒಲೆಯ ಮುಂದೆ ಒಬ್ಬಳೇ ಕೂತು ಉಂಡೆ.

ಪರೀಕ್ಷೆ ಮುಗಿಯಿತು. ಪದಗಳ ಪತ್ರಿಕೆಯಲ್ಲಿ ನಾನೇ ಮೊದಲು ಬಂದೆ. ಹುಣಸಮಾರನಹಳ್ಳಿಗೆ ನನ್ನ ಕೆಲಸದ ಆರ್ಡರು ಬಂದು, ಹೊರಡಲು ಪೆಟ್ಟಿಗೆ ಕಟ್ಟುತ್ತಿದ್ದ ಭಾನುವಾರ, ತಾಜುದ್ದೀನ್ ಸಾಬರು ಮತ್ತೆ ಕಾರಿಡಾರಿನ ತುದಿಗೆ ಬಂದರು. ಈ ಸಲ ಕೂಗಲಿಲ್ಲ. ಕೆಮ್ಮಿದರು.

“ಒಬ್ರು ಬಂದು ನಿಂತಿದಾರೆ, ಬೇಟಿ. ಕಣ್ಣಾರೆ ನೋಡ್ದೆ. ಹೆಸ್ರು ಅವರು ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ.”

ಅಮ್ಮ ಗೇಟಿನ ಹೊರಗೆ ನಿಂತಿದ್ದಳು. ನೀಲಿ ಸೀರೆ, ಅದನ್ನು ನಾನು ನೋಡಿರಲಿಲ್ಲ. ಸೊಂಟದಲ್ಲಿ ಪುಟ್ಟಿ. ಮುಖದ ತುಂಬ ಗುಳಿಗಳು.

“ಒಳಗೆ ಬಾಮ್ಮ,” ಎಂದೆ. “ನೀರು ಕುಡಿ.”

“ಆಸ್ಪತ್ರೆಗ್ ಓಗ್ಬೇಕು. ಒತ್ತಾಯ್ತದೆ.”

“ಒಬ್ಬಳೇ ಬಂದೆಯಾ?”

“ಕೇಳ್ಕೊಂಡ್ ಕೇಳ್ಕೊಂಡ್ ಬಂದೆ. ಬಾಯಿಲ್ವಾ ನಂಗೆ?” ಅವಳು ಮಗುವಿನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. “ನೋಡಿಲ್ಲಿ. ಊವ ಬಿದ್ದೈತೆ.”

ಎಡಗಣ್ಣಿನ ಕರಿಗುಡ್ಡೆಯ ಮೇಲೆ ಬೆಳ್ಳನೆಯ ಚುಕ್ಕೆಯಿತ್ತು. ತುಂಬೆ ಹೂವಿನ ಎಸಳಿನಷ್ಟು.

“ಇದ್ಕೆ ಏನಂತಾರೆ, ನಿಮ್ ಮಾತ್ನಾಗೆ? ಊವ ಅಂದ್ರೆ ಅಲ್ಲಿ ನಗ್ತಾರಂತೆ. ನಿಮ್ ಪುಸ್ತಕ್ದ್ ಎಸರೇಳಿದ್ರೆ ಬಿರ್ರನೆ ಒಳೀಕ್ ಬಿಡ್ತಾರೆ ಅಂತ ಆಂಜಿನಪ್ಪ ಅಂದ.”

“ಯಾರೂ ನಗಲ್ಲಮ್ಮ. ನಾನೇ ಬರ್ತೀನಿ. ಸೀರೆ ಬದಲಾಯಿಸಿ ಈಗಲೇ ಬರ್ತೀನಿ. ನಾನೇ ಡಾಕ್ಟರ್ ಹತ್ರ ಮಾತಾಡ್ತೀನಿ.”

“ನೀನ್ ಬರೋದ್ ಬ್ಯಾಡ.”

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿದ್ದರೆ ನಾನು ಏನಾದರೂ ಹೇಳಬಹುದಿತ್ತು. ಲಾರಿಯ ಸದ್ದಿನಲ್ಲಿ ಕಳೆದುಹೋಗಿದ್ದ ಆ ಮಾತು ಈಗ ಸ್ಪಷ್ಟವಾಗಿ ಕೇಳಿಸಿತು.

“ಎಸರೇಳು ಸಾಕು.”

“ಕಾರ್ನಿಯಾ,” ಎಂದೆ. ಒಪ್ಯಾಸಿಟಿ ಎಂಬ ಇನ್ನರ್ಧ ಅವಳಿಗೆ ಉದ್ದವಾಗುತ್ತದೆ ಎಂದು ಬಿಟ್ಟೆ. “ಕಾರ್ನಿಯಾ ಅನ್ನು. ಎಡಗಣ್ಣಿನ ಕಾರ್ನಿಯಾ.”

“ಕಾರ್ನಿಯ.” ಅವಳು ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ಹೇಳಿದಳು. ನಾನು ಮೊದಲ ಸಲ ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದಳು. ಆಮೇಲೆ ಮಡಿಲಿನಿಂದ ಒಂದು ಸಣ್ಣ ಗಂಟು ತೆಗೆದು ಗೇಟಿನ ಕಲ್ಲುಕಂಬದ ಮೇಲಿಟ್ಟಳು. ನನ್ನ ಕೈಗೆ ಕೊಡಲಿಲ್ಲ. ಹುರಿದ ಕಡಲೆಕಾಯಿ. ಮಗುವನ್ನು ಭುಜಕ್ಕೆ ಹಾಕಿಕೊಂಡು ಬಸ್ಸಿನ ಕಡೆ ಹೊರಟಳು. ಕಾರ್ನಿಯ, ಕಾರ್ನಿಯ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿರುವುದು ಸ್ವಲ್ಪ ದೂರದವರೆಗೆ ಕೇಳಿಸಿತು. ನಾನು ಬಾವಿಯ ಕಟ್ಟೆಯ ಹತ್ತಿರ ಹೇಳಿಕೊಳ್ಳುತ್ತಿದ್ದ ಹಾಗೇ. ಅವಳ ಭುಜದ ಮೇಲಿಂದ ಪುಟ್ಟಿ ನನ್ನನ್ನು ನೋಡುತ್ತಾ ಹೋದಳು. ನಾನು ಅವಳಿಗೆ ಎಷ್ಟು ಕಂಡೆನೋ ಗೊತ್ತಿಲ್ಲ.

ತಾಜುದ್ದೀನ್ ಸಾಬರು ಪುಸ್ತಕ ತೆರೆದು ಪೆನ್ನು ಹಿಡಿದುಕೊಂಡಿದ್ದರು. “ಒಳಗೆ ಬಂದವರ ಹೆಸ್ರು ಮಾತ್ರ ಬರೀಬೇಕು ಅಂತ ರೂಲ್ಸು,” ಎಂದರು. “ಬರೀಲಾ ಬೇಟಿ?”

ನಾನು ಬೇಡವೆಂದು ತಲೆಯಾಡಿಸಿ, ಕಂಬದ ಮೇಲಿನ ಗಂಟನ್ನು ಎತ್ತಿಕೊಂಡೆ. ಅದು ಇನ್ನೂ ಬೆಚ್ಚಗಿತ್ತು, ಅವಳ ಮೈಯ ಬಿಸಿಗೆ.